ಪದವೀಧರರಿಗೆ ಎರಡು ಮತ, ಉಳಿದವರಿಗೆ ಒಂದೇ: ನಮ್ಮ ಮೇಲ್ಮನೆಯ ರಚನೆ ಹೀಗೇಕೆ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಕೊರೆಯುತ್ತಿರುವ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ.

2023ರ ಮೇ 10ರಂದು ವಿಧಾನಸಭೆಗೆ ಮತ ಹಾಕಿದೆ. ಮನೆಯಲ್ಲಿ ಎಲ್ಲರೂ ಹಾಕಿದರು. 2024ರ ಜೂನ್ 3ರಂದು ನೈರುತ್ಯ ಪದವೀಧರ ಕ್ಷೇತ್ರಕ್ಕೆ ಮತದಾನ ನಡೆದಾಗ ಮನೆಯಿಂದ ಹೊರಟವಳು ನಾನೊಬ್ಬಳೇ. ಬಿ.ಕಾಂ. ಮುಗಿಸಿದ್ದೇನೆ ಎಂಬ ಕಾರಣಕ್ಕೆ ನನಗೆ ಆ ಹಕ್ಕು ಸಿಕ್ಕಿತು. ಹಾಲು ಉತ್ಪಾದಕರ ಸಂಘದ ಲೆಕ್ಕಪತ್ರವನ್ನು ವರ್ಷಗಟ್ಟಲೆ ನೋಡಿಕೊಂಡ ಅಮ್ಮನಿಗೆ ಸಿಗಲಿಲ್ಲ, ಏಕೆಂದರೆ ಅವರು ಓದಿದ್ದು ಎಸ್ಸೆಸ್ಸೆಲ್ಸಿ. ಪಕ್ಕದ ಮನೆಯ ಹೈಸ್ಕೂಲು ಮೇಷ್ಟ್ರು ಅದೇ ದಿನ ಎರಡು ಮತಪತ್ರ ಪಡೆದರು: ಪದವೀಧರರಾಗಿ ಒಂದು, ಶಿಕ್ಷಕರಾಗಿ ಇನ್ನೊಂದು.

ಒಬ್ಬ ಪ್ರಜೆಗೆ ಒಂದು ಮತ ಎಂದು ಶಾಲೆಯಲ್ಲಿ ಓದಿದ್ದೆವು. ಹಾಗಾದರೆ ಇದೇನು? ವಿಧಾನ ಪರಿಷತ್ತು ಎಂಬ ಮನೆಯನ್ನು ಯಾರು, ಯಾವ ಲೆಕ್ಕದಲ್ಲಿ ಕಟ್ಟಿದರು? ತಿಳಿದವರು ಬಿಡಿಸಿ ಹೇಳಬೇಕು.

ಹಾವೇರಿ ಉಪನ್ಯಾಸಕ

ಒಳ್ಳೆಯ ಪ್ರಶ್ನೆ ಮೇಡಂ. ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ, ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಇದನ್ನೇ ಕೇಳುತ್ತಾನೆ.

ಮೊದಲು ಕೆಳಮನೆ. ವಿಧಾನಸಭೆಯಲ್ಲಿ 224 ಸ್ಥಾನ. 1978ರಿಂದ ಈ ಸಂಖ್ಯೆ ಬದಲಾಗಿಲ್ಲ, ಕ್ಷೇತ್ರಗಳ ಗಡಿಗಳು ಮಾತ್ರ 2008ರ ಚುನಾವಣೆಗೆ ಮುನ್ನ ಹೊಸದಾಗಿ ಎಳೆಯಲ್ಪಟ್ಟವು. ಪರಿಶಿಷ್ಟ ಜಾತಿಗೆ 36, ಪರಿಶಿಷ್ಟ ಪಂಗಡಕ್ಕೆ 15 ಕ್ಷೇತ್ರ ಮೀಸಲು. ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ ಒಂದೊಂದು ಮತ, ಹೆಚ್ಚು ಮತ ಪಡೆದವರು ಶಾಸಕರು. ಸರ್ಕಾರ ನಿಲ್ಲಲು 113 ಬೇಕು. ಅವಧಿ ಐದು ವರ್ಷ, ನಡುವೆ ವಿಸರ್ಜನೆಯೂ ಆಗಬಹುದು.

ಮೇಲ್ಮನೆಯ ಕಥೆಯೇ ಬೇರೆ. ಪರಿಷತ್ತಿನಲ್ಲಿ 75 ಸದಸ್ಯರು, ಅವರು ಐದು ಬಾಗಿಲುಗಳಿಂದ ಒಳಗೆ ಬರುತ್ತಾರೆ. ಶಾಸಕರು ಆರಿಸುವವರು 25. ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗಿನ ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುವವರು 25. ಪದವೀಧರರು 7, ಶಿಕ್ಷಕರು 7. ಉಳಿದ 11 ಜನರನ್ನು ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆಯಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇರುವವರು ಎಂದು ಸಂವಿಧಾನದ 171ನೇ ವಿಧಿ ಹೇಳುತ್ತದೆ. ಪಟ್ಟಿ ಹೋಗುವುದು ಮಾತ್ರ ಸಚಿವ ಸಂಪುಟದಿಂದ. ನಿಮ್ಮ ತಾಯಿಯವರ ಸಹಕಾರ ಸಂಘದ ಅನುಭವ ಆ ಪಟ್ಟಿಯ ಮಾತಿಗೆ ಸರಿಯಾಗಿ ಹೊಂದುತ್ತದೆ, ಆದರೆ ಅಲ್ಲಿ ಕೂರುವ ಅವಕಾಶ ಸಿಗುವುದು ಯಾರಿಗೆ ಎಂಬುದು ನಿಮಗೂ ಗೊತ್ತು.

ಈ ಸದನ ವಿಸರ್ಜನೆಯಾಗುವುದಿಲ್ಲ. ಸದಸ್ಯರ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ. ಶಾಸಕರಾಗಲು 25 ವರ್ಷ ಸಾಕು, ಪರಿಷತ್ತಿಗೆ 30 ಆಗಿರಬೇಕು.

ಲೆಕ್ಕದ ಪುಸ್ತಕ (ಮೈಸೂರು)

ಉಪನ್ಯಾಸಕರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. 75 ಎಂಬ ಸಂಖ್ಯೆ ಆಕಾಶದಿಂದ ಉದುರಿದ್ದಲ್ಲ. ಮೇಲ್ಮನೆಯ ಗಾತ್ರ ಕೆಳಮನೆಯ ಮೂರನೇ ಒಂದನ್ನು ಮೀರಬಾರದು, 40ಕ್ಕಿಂತ ಕಡಿಮೆಯೂ ಆಗಬಾರದು. ನಮ್ಮ ಸಭೆಯಲ್ಲಿ 224 ಚುನಾಯಿತರ ಜೊತೆಗೆ ಆಂಗ್ಲೋ ಇಂಡಿಯನ್ ಸಮುದಾಯದಿಂದ ನಾಮನಿರ್ದೇಶನಗೊಂಡ ಒಬ್ಬರು ಇರುತ್ತಿದ್ದರು. 225ರಲ್ಲಿ ಮೂರನೇ ಒಂದು ಎಂದರೆ ಸರಿಯಾಗಿ 75. 104ನೇ ತಿದ್ದುಪಡಿಯಿಂದ 2020ರ ಜನವರಿಯಲ್ಲಿ ಆ ನಾಮನಿರ್ದೇಶನ ನಿಂತುಹೋಯಿತು.

ಇನ್ನು ಶಾಸಕರ ಬಾಗಿಲು. ಇಲ್ಲಿ ನಡೆಯುವುದು ಪ್ರಾಶಸ್ತ್ಯದ ಮತ. ಪ್ರತಿ ಶಾಸಕ 1, 2, 3 ಎಂದು ಅಭ್ಯರ್ಥಿಗಳಿಗೆ ಕ್ರಮ ಕೊಡುತ್ತಾನೆ. ಸ್ಥಾನಗಳ ಸಂಖ್ಯೆಗೆ ಒಂದು ಸೇರಿಸಿ, ಅದರಿಂದ ಒಟ್ಟು ಮತವನ್ನು ಭಾಗಿಸಿದರೆ ಗೆಲುವಿನ ಕನಿಷ್ಠ ಮತ ಸಿಗುತ್ತದೆ.

2024ರ ಜೂನ್‌ನಲ್ಲಿ 11 ಸ್ಥಾನ ಖಾಲಿಯಾದವು. 224ನ್ನು 12ರಿಂದ ಭಾಗಿಸಿದರೆ 18.67. ಅಂದರೆ 19 ಶಾಸಕರಿಗೆ ಒಂದು ಸ್ಥಾನ. 2023ರ ಫಲಿತಾಂಶದಂತೆ ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19. ಈಗ ಭಾಗಿಸಿ ನೋಡಿ: ಏಳು, ಮೂರು, ಒಂದು. ಒಟ್ಟು ಹನ್ನೊಂದು. ಎಲ್ಲ ಪಕ್ಷಗಳೂ ಇದೇ ಲೆಕ್ಕ ಹಾಕಿ ಅಷ್ಟೇ ಅಭ್ಯರ್ಥಿಗಳನ್ನು ನಿಲ್ಲಿಸಿದವು, ಹನ್ನೊಂದು ಜನರೂ ಅವಿರೋಧವಾಗಿ ಆಯ್ಕೆಯಾದರು. ಒಂದು ಮತವೂ ಬೀಳಲಿಲ್ಲ.

ಇಲ್ಲಿ ನನಗೆ ಮುಖ್ಯವೆನಿಸುವುದು ಇದು. ಕೆಳಮನೆಯಲ್ಲಿ ಇಂತಿಷ್ಟು ಬಲ ಎಂದು ಗೊತ್ತಾದ ಕ್ಷಣವೇ ಮೇಲ್ಮನೆಯ ಮೂರನೇ ಒಂದು ಭಾಗವೂ ತೀರ್ಮಾನವಾಗಿಬಿಡುತ್ತದೆ. ಅಲ್ಲಿಗೆ ಹೋಗುವವರು ಯಾರು ಎಂಬುದನ್ನು ನಿರ್ಧರಿಸುವುದು ಪಕ್ಷದ ವರಿಷ್ಠರು. ನಮ್ಮ ನಿಮ್ಮ ಮಾತಿಗೆ ಅಲ್ಲಿ ಜಾಗವಿಲ್ಲ.

ಪಂಚಾಯಿತಿ ಸದಸ್ಯೆ (ತುಮಕೂರು ಜಿಲ್ಲೆ)

ಸ್ಥಳೀಯ ಸಂಸ್ಥೆಗಳ ಬಾಗಿಲಿನ ಬಗ್ಗೆ ನಾನು ಹೇಳುತ್ತೇನೆ. 2021ರ ಡಿಸೆಂಬರ್‌ನಲ್ಲಿ ಆ 25 ಸ್ಥಾನಗಳಿಗೆ ಮತ ಹಾಕಿದವರಲ್ಲಿ ನಾನೂ ಒಬ್ಬಳು.

ಅದಕ್ಕೆ ಮುಂಚೆ ನಮ್ಮ ಪಂಚಾಯಿತಿಯ ಕುಡಿಯುವ ನೀರಿನ ಅರ್ಜಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಚುನಾವಣೆ ಘೋಷಣೆಯಾದ ಮೇಲೆ ಮನೆ ಬಾಗಿಲಿಗೆ ಬಂದ ಕಾರುಗಳನ್ನು ನೋಡಿ ಅತ್ತೆಯವರು ಗಾಬರಿಯಾದರು. ಒಂದು ಜಿಲ್ಲೆಯಲ್ಲಿ ಮತದಾರರು ಕೆಲವೇ ಸಾವಿರ. ಪ್ರತಿಯೊಬ್ಬರ ಹೆಸರು, ಮೊಬೈಲ್ ಸಂಖ್ಯೆ, ಜಾತಿ, ಸಾಲ ಎಲ್ಲವೂ ಅಭ್ಯರ್ಥಿಗಳ ಕೈಯಲ್ಲಿರುತ್ತದೆ. ಮತ ಗುಪ್ತವೇ, ಆದರೆ ಸದಸ್ಯರನ್ನು ಪ್ರವಾಸಕ್ಕೆಂದು ಒಟ್ಟಿಗೆ ಕರೆದುಕೊಂಡು ಹೋಗಿ ಮತದಾನದ ದಿನವೇ ಕರೆತಂದರೆ ಆ ಗುಟ್ಟಿಗೆ ಏನು ಬೆಲೆ ಉಳಿಯುತ್ತದೆ? ನಾನು ಹೋಗಲಿಲ್ಲ. ಹೋಗದೇ ಇದ್ದುದಕ್ಕೆ ಆಮೇಲೆ ಎಷ್ಟೋ ಮಾತು ಕೇಳಬೇಕಾಯಿತು.

ಹಾಗೆಂದು ಈ ಬಾಗಿಲನ್ನು ಮುಚ್ಚಿ ಎನ್ನುವವಳಲ್ಲ ನಾನು. ವಿಧಾನಸೌಧದಲ್ಲಿ ಪಂಚಾಯಿತಿಯ ಅನುದಾನದ ಬಗ್ಗೆ, ಸದಸ್ಯರ ಗೌರವಧನದ ಬಗ್ಗೆ ಯಾರಾದರೂ ಎದ್ದು ನಿಂತು ಕೇಳುತ್ತಾರೆ ಎಂದರೆ ಅವರು ನಮ್ಮ ಮತ ಕೇಳಲು ಬಂದವರೇ. ಶಾಸಕರಿಗೆ ನಾವು ಪ್ರತಿಸ್ಪರ್ಧಿಗಳಂತೆ ಕಾಣುತ್ತೇವೆ. ಪರಿಷತ್ ಸದಸ್ಯರಿಗೆ ನಾವು ಮತದಾರರು. ಆ ವ್ಯತ್ಯಾಸ ನಮಗೆ ದಿನವೂ ಕಾಣುತ್ತದೆ.

ಲೆಕ್ಕದ ಪುಸ್ತಕ (ಮೈಸೂರು)

ಅಕ್ಕಾ, ನಿಮ್ಮ ಮಾತು ಬಹಳ ಮುಖ್ಯ. ಒಂದು ಸಣ್ಣ ವಿವರ: 25 ಸ್ಥಾನಗಳಿದ್ದರೂ ಕ್ಷೇತ್ರಗಳು 20 ಮಾತ್ರ. ಬೆಳಗಾವಿ, ವಿಜಯಪುರ, ಧಾರವಾಡ, ದಕ್ಷಿಣ ಕನ್ನಡ ಮತ್ತು ನಮ್ಮ ಮೈಸೂರು ದ್ವಿಸದಸ್ಯ ಕ್ಷೇತ್ರಗಳು. ಎರಡು ಸ್ಥಾನ ಇದೆ ಎಂದು ಎರಡು ಮತ ಇರುವುದಿಲ್ಲ. ಮತ ಒಂದೇ, ಪ್ರಾಶಸ್ತ್ಯ ಹಲವು. ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮತ ಪಡೆದವರು ಗೆದ್ದ ಹಾಗೆ. ಹಾಗಾಗಿ ಎರಡು ಪಕ್ಷಗಳು ಒಂದೊಂದು ಸ್ಥಾನ ಹಂಚಿಕೊಳ್ಳುವುದು ಸಾಮಾನ್ಯ. 2021ರಲ್ಲಿ ದಕ್ಷಿಣ ಕನ್ನಡದಿಂದ ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿ, ಕಾಂಗ್ರೆಸ್‌ನ ಮಂಜುನಾಥ ಭಂಡಾರಿ ಇಬ್ಬರೂ ಆಯ್ಕೆಯಾದದ್ದು ಹೀಗೆಯೇ.

ಜಯನಗರ ನಿವಾಸಿ

ಸ್ಥಳೀಯ ಸಂಸ್ಥೆಗಳ ಪ್ರತಿನಿಧಿ ಎನ್ನುತ್ತೀರಿ. ಸ್ಥಳೀಯ ಸಂಸ್ಥೆಗಳೇ ಇಲ್ಲದಿದ್ದರೆ? ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಮತ್ತೆ ಚುನಾವಣೆ ನಡೆಯಲಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆದದ್ದು, 2021ರ ಬೇಸಿಗೆಗೆ ಅವಧಿ ತೀರಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಪರಿಷತ್ ಚುನಾವಣೆ ನಡೆದಾಗ ರಾಜಧಾನಿಯ ಪಾಲಿಕೆಯ ಕಡೆಯಿಂದ ಒಬ್ಬ ಕಾರ್ಪೊರೇಟರ್ ಕೂಡ ಮತದಾರನಾಗಿರಲಿಲ್ಲ. ಇಷ್ಟು ದೊಡ್ಡ ಊರಿನ ದನಿ ಆ ಲೆಕ್ಕದಿಂದಲೇ ಬಿಟ್ಟುಹೋಯಿತು, ಯಾರೂ ಕೇಳಲಿಲ್ಲ.

ನನ್ನ ಅಭಿಪ್ರಾಯ ನೇರ: ಈ ಸದನ ಬೇಡ. ಇಡೀ ದೇಶದಲ್ಲಿ ಪರಿಷತ್ತು ಇರುವುದು ಆರು ರಾಜ್ಯಗಳಲ್ಲಿ ಮಾತ್ರ: ಉತ್ತರ ಪ್ರದೇಶ, ಬಿಹಾರ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಕರ್ನಾಟಕ. ಪಶ್ಚಿಮ ಬಂಗಾಳ 1969ರಲ್ಲಿ, ಪಂಜಾಬ್ 1970ರಲ್ಲಿ, ತಮಿಳುನಾಡು 1986ರಲ್ಲಿ ಬಿಟ್ಟುಬಿಟ್ಟವು. ಕೇರಳಕ್ಕೆ ಇಲ್ಲ. ಆ ರಾಜ್ಯಗಳ ಆಡಳಿತ ನಿಂತಿದೆಯೇ? ಚುನಾವಣೆಯಲ್ಲಿ ಸೋತವರಿಗೆ ಕುರ್ಚಿ ಕೊಡಲು ಮಾತ್ರ ಈ ವ್ಯವಸ್ಥೆ ಉಳಿದಿದೆ.

ಹಾವೇರಿ ಉಪನ್ಯಾಸಕ

ಜಯನಗರದ ಸಾರ್, ಸ್ಥಳೀಯ ಸಂಸ್ಥೆಗಳ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಒಂದು ಕ್ಷೇತ್ರದ ಸಂಸ್ಥೆಗಳಲ್ಲಿ ಶೇಕಡಾ 75ರಷ್ಟಾದರೂ ಕಾರ್ಯನಿರ್ವಹಿಸುತ್ತಿದ್ದರೆ ಚುನಾವಣೆ ನಡೆಸಬಹುದು ಎಂಬುದು ಚುನಾವಣಾ ಆಯೋಗದ ಕ್ರಮ. ಗ್ರಾಮ ಪಂಚಾಯಿತಿಗಳ ಸಂಖ್ಯೆಯೇ ಅಷ್ಟು ದೊಡ್ಡದಿರುವುದರಿಂದ ನಮ್ಮಲ್ಲಿ ಉಳಿದವು ಇಲ್ಲದಿದ್ದರೂ ಚುನಾವಣೆ ನಡೆದುಹೋಯಿತು. ತಪ್ಪಿರುವುದು ಪಾಲಿಕೆ ಚುನಾವಣೆಯನ್ನು ಮುಂದೂಡಿದವರದು. ಅದಕ್ಕೆ ಪರಿಷತ್ತನ್ನು ಶಿಕ್ಷಿಸಿದರೆ ಪಾಲಿಕೆ ಬರುತ್ತದೆಯೇ?

ಇನ್ನು ರದ್ದತಿ. 169ನೇ ವಿಧಿ ದಾರಿ ಕೊಟ್ಟಿದೆ. ವಿಧಾನಸಭೆ ತನ್ನ ಒಟ್ಟು ಸದಸ್ಯಬಲದ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲದಿಂದ ನಿರ್ಣಯ ಮಾಡಬೇಕು. ಆಮೇಲೆ ಸಂಸತ್ತು ಸಾಮಾನ್ಯ ಕಾನೂನಿನ ಮೂಲಕ ಅದನ್ನು ಜಾರಿಗೆ ತರುತ್ತದೆ. ಪರಿಷತ್ತಿನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಆಂಧ್ರದವರು 1985ರಲ್ಲಿ ರದ್ದು ಮಾಡಿದರು, 2007ರಲ್ಲಿ ಮತ್ತೆ ತಂದರು, 2020ರ ಜನವರಿಯಲ್ಲಿ ಮತ್ತೊಮ್ಮೆ ರದ್ದತಿಗೆ ನಿರ್ಣಯ ಮಾಡಿ 2021ರ ನವೆಂಬರ್‌ನಲ್ಲಿ ಹಿಂದಕ್ಕೆ ಪಡೆದರು. ಪ್ರತಿ ಸಲವೂ ಕಾರಣ ಒಂದೇ: ಮೇಲ್ಮನೆಯಲ್ಲಿ ಆಗ ಯಾರ ಬಲ ಇತ್ತು ಎಂಬುದು. ತತ್ವದ ಚರ್ಚೆ ಅಲ್ಲಿ ನಡೆದದ್ದು ನನಗೆ ಕಾಣಲಿಲ್ಲ.

ಬೀದರ್ ಕಡೆಯ ಶಿಕ್ಷಕ

ನನ್ನದು ಬೇರೆ ನೋವು. ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಶಿಕ್ಷಕರ ಕ್ಷೇತ್ರದಲ್ಲಿ ನನಗೆ ಮತವಿಲ್ಲ. ಪ್ರೌಢಶಾಲೆಗಿಂತ ಕೆಳಗಿನ ಮಟ್ಟದ ಸಂಸ್ಥೆಯಲ್ಲಿ ಕಲಿಸುವವರು ಆ ಪಟ್ಟಿಗೆ ಸೇರುವುದಿಲ್ಲ. ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಸಂಸ್ಥೆಯಲ್ಲಿ ಬೋಧಿಸಿರಬೇಕು.

ಅಕ್ಷರ ತಿದ್ದಿಸುವವನು ಶಿಕ್ಷಕನಲ್ಲವೇ? ರಾಜ್ಯದ ಶಾಲಾ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವವರು ನಾವು. ಚುನಾವಣೆಯ ಕೆಲಸಕ್ಕೆ, ಜನಗಣತಿಗೆ, ಸಮೀಕ್ಷೆಗೆ ಮೊದಲು ನೆನಪಾಗುವವರೂ ನಾವೇ. ಈಶಾನ್ಯ ಶಿಕ್ಷಕರ ಕ್ಷೇತ್ರಕ್ಕೆ 2020ರ ಅಕ್ಟೋಬರ್‌ನಲ್ಲಿ ಮತದಾನ ನಡೆದಾಗ ಪಕ್ಕದ ಹೈಸ್ಕೂಲಿನವರು ಸಾಲಿನಲ್ಲಿ ನಿಂತಿದ್ದರು, ನಾವು ಶಾಲೆಯಲ್ಲಿದ್ದೆವು. ಬಿ.ಎ. ಮಾಡಿಕೊಂಡಿದ್ದರಿಂದ 2024ರಲ್ಲಿ ಪದವೀಧರನಾಗಿ ಮತ ಹಾಕಿದೆ ಅಷ್ಟೆ.

ಹಾವೇರಿ ಉಪನ್ಯಾಸಕ

ಮೇಷ್ಟ್ರೇ, ಆ ಗೆರೆಯನ್ನು ಸಂವಿಧಾನವೇ ಎಳೆದಿದೆ, ಸಂಸತ್ತು ಮನಸ್ಸು ಮಾಡಿದರೆ ಮಾತ್ರ ಅಳಿಸಬಹುದು. ನಿಮ್ಮ ವಾದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ.

ಇದಕ್ಕಿಂತಲೂ ವಿಚಿತ್ರವಾದದ್ದು ಒಂದಿದೆ. ಪದವೀಧರ ಕ್ಷೇತ್ರದಲ್ಲಿ ಮತ ಹಾಕಲು ಪದವಿ ಬೇಕು, ಸ್ಪರ್ಧಿಸಲು ಬೇಕಿಲ್ಲ. ಹಳೆಯ ಮದ್ರಾಸ್ ಪರಿಷತ್ತಿಗೆ ಸಂಬಂಧಿಸಿದ ನಾರಾಯಣಸ್ವಾಮಿ ಮತ್ತು ಪನ್ನೀರ್‌ಸೆಲ್ವಂ ಅವರ ಪ್ರಕರಣದಲ್ಲಿ 1972ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಸಂವಿಧಾನ ಮತದಾರನ ಅರ್ಹತೆಯನ್ನು ಹೇಳಿದೆ, ಅಭ್ಯರ್ಥಿಯ ಅರ್ಹತೆಯಲ್ಲಿ ಪದವಿಯನ್ನು ಸೇರಿಸಿಲ್ಲ, ನ್ಯಾಯಾಲಯ ಅದನ್ನು ಸೇರಿಸಲಾಗದು ಎಂಬುದು ತೀರ್ಪಿನ ಸಾರ. ಶಿಕ್ಷಕರ ಕ್ಷೇತ್ರಕ್ಕೂ ಅದೇ ತರ್ಕ. ಹಾಗಾಗಿ ಶಿಕ್ಷಕರ ಪ್ರತಿನಿಧಿ ಶಿಕ್ಷಕನೇ ಆಗಿರಬೇಕಿಲ್ಲ.

ಆದರೂ ಕೆಲವರು ಆ ಕ್ಷೇತ್ರದಿಂದಲೇ ಬೆಳೆದರು. ಬಸವರಾಜ ಹೊರಟ್ಟಿ ಅವರು ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದವರು. 1980ರಿಂದ 2022ರವರೆಗೆ ಸತತ ಎಂಟು ಬಾರಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಗೆದ್ದು ಸಭಾಪತಿಯೂ ಆದರು. ಪಕ್ಷ ಬದಲಾದರೂ ಮತದಾರರು ಕೈಬಿಡಲಿಲ್ಲ. ವೇತನ, ಪಿಂಚಣಿ, ಅನುದಾನಿತ ಶಾಲೆಗಳ ನೇಮಕಾತಿ ಎಂದರೆ ನಮ್ಮ ಭಾಗದ ಶಿಕ್ಷಕರು ಮೊದಲು ಹೋಗುವುದು ಪರಿಷತ್ ಸದಸ್ಯರ ಹತ್ತಿರ.

ತುಂಗಾತೀರ ಅವರ ಮೂಲ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಓದಿದವರಿಗೆ, ಆಸ್ತಿವಂತರಿಗೆ ಹೆಚ್ಚು ತೂಕ ಕೊಡುವುದು ಹಳೆಯ ಕಾಲದ ಕ್ರಮ. 1881ರ ಅಕ್ಟೋಬರ್ 7ರಂದು ಹತ್ತನೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದಾಗ ಬಂದ 144 ಜನರಲ್ಲಿ ಹೆಚ್ಚಿನವರು ಭೂಮಾಲೀಕರು, ವರ್ತಕರು. ಕಾನೂನು ಮಾಡುವ ಅಧಿಕಾರ ಅದಕ್ಕಿರಲಿಲ್ಲ, ಅಹವಾಲು ಹೇಳಬಹುದಿತ್ತು. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನ್ಯಾಯವಿಧಾಯಕ ಸಭೆ ಬಂದು ಎರಡು ಸದನಗಳ ರೂಢಿ ನಮ್ಮ ನೆಲದಲ್ಲಿ ನಿಂತಿತು. ಸಂವಿಧಾನ ಬಂದಾಗ ಕೆಳಮನೆ ಎಲ್ಲರ ಕೈಗೆ ಬಂತು. ಮೇಲ್ಮನೆಯಲ್ಲಿ ಮಾತ್ರ ಓದಿದವರ ಪಾಲು ಉಳಿಯಿತು. ಆಗ ಪದವಿ ಪಡೆದವರು ಬೆರಳೆಣಿಕೆಯಷ್ಟಿದ್ದರು. ಅವರ ತಿಳಿವಳಿಕೆ ಶಾಸನಸಭೆಗೆ ಬೇಕು ಎಂಬ ಯೋಚನೆಗೆ ಆಗ ಅರ್ಥವಿತ್ತು. ಪ್ರತಿ ತಾಲ್ಲೂಕಿನಲ್ಲೂ ಪದವಿ ಕಾಲೇಜು ಇರುವ ಇಂದು ಅದಕ್ಕೆ ಏನು ಅರ್ಥ ಉಳಿದಿದೆ ಎಂದು ಕೇಳುವುದು ಸರಿಯೇ.

ತುಂಗಾತೀರ (ಶಿವಮೊಗ್ಗ)

ಇತಿಹಾಸ ತಿಳಿದು ಸಮಾಧಾನವಾಯಿತು, ವ್ಯವಸ್ಥೆಯ ಬಗ್ಗೆ ಆಗಲಿಲ್ಲ. ಒಂದು ಕೇಳುತ್ತೇನೆ. ಈ ಸದನಕ್ಕೆ ನಿಜವಾದ ಅಧಿಕಾರ ಇದೆಯೇ? ಇಲ್ಲದಿದ್ದರೆ ನನ್ನ ಎರಡನೇ ಮತದ ಬಗ್ಗೆ ಇಷ್ಟು ಚಿಂತಿಸುವ ಅಗತ್ಯವೂ ಇಲ್ಲ.

ಮಂಗಳೂರು ವಕೀಲ

ಇದೆ, ಮಿತಿಯೊಳಗೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಪತ್ರಿಕೆಗಳಲ್ಲಿಯೂ ಇದು ಅರ್ಧಂಬರ್ಧ ಬರುತ್ತದೆ.

ದುಡ್ಡಿನ ವಿಷಯದಲ್ಲಿ ಪರಿಷತ್ತಿಗೆ ಹಿಡಿತವಿಲ್ಲ. ಧನ ವಿಧೇಯಕ ಸಭೆಯಲ್ಲಿಯೇ ಮಂಡನೆಯಾಗಬೇಕು. ಪರಿಷತ್ತು 14 ದಿನದೊಳಗೆ ಸಲಹೆಗಳೊಂದಿಗೆ ಹಿಂದಿರುಗಿಸಬೇಕು, ಸಲಹೆಯನ್ನು ಒಪ್ಪುವುದು ಬಿಡುವುದು ಸಭೆಯ ಇಷ್ಟ. ಮಂತ್ರಿಮಂಡಲ ಉತ್ತರ ಕೊಡಬೇಕಾದದ್ದು ವಿಧಾನಸಭೆಗೆ ಮಾತ್ರ, ಆದ್ದರಿಂದ ಪರಿಷತ್ತಿನಲ್ಲಿ ಸೋತರೂ ಸರ್ಕಾರ ಬೀಳುವುದಿಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಾಗಲಿ, ರಾಜ್ಯಸಭೆ ಚುನಾವಣೆಯಲ್ಲಾಗಲಿ ಪರಿಷತ್ ಸದಸ್ಯರಿಗೆ ಮತವಿಲ್ಲ.

ಸಾಮಾನ್ಯ ಮಸೂದೆಗೆ 197ನೇ ವಿಧಿ. ಸಭೆ ಒಪ್ಪಿ ಕಳಿಸಿದ ಮಸೂದೆಯನ್ನು ಪರಿಷತ್ತು ತಿರಸ್ಕರಿಸಬಹುದು, ಸಭೆಗೆ ಒಪ್ಪಿಗೆಯಾಗದ ತಿದ್ದುಪಡಿ ಮಾಡಬಹುದು ಅಥವಾ ಮೂರು ತಿಂಗಳು ಸುಮ್ಮನೆ ಇಟ್ಟುಕೊಳ್ಳಬಹುದು. ಸಭೆ ಅದನ್ನೇ ಮತ್ತೆ ಅಂಗೀಕರಿಸಿ ಕಳಿಸಿದರೆ ಎರಡನೇ ಸಲ ಇಟ್ಟುಕೊಳ್ಳಲು ಸಿಗುವುದು ಒಂದು ತಿಂಗಳು. ಆಮೇಲೂ ಪರಿಷತ್ತು ಬೇಡ ಎಂದರೆ ಎರಡೂ ಸದನ ಒಪ್ಪಿದಂತೆಯೇ ಲೆಕ್ಕ. ಸಂಸತ್ತಿನಲ್ಲಿರುವ ಹಾಗೆ ಜಂಟಿ ಅಧಿವೇಶನದಲ್ಲಿ ಮತಕ್ಕೆ ಹಾಕುವ ಕ್ರಮ ರಾಜ್ಯಗಳಲ್ಲಿ ಇಲ್ಲ. ವರ್ಷದ ಮೊದಲ ಅಧಿವೇಶನದಲ್ಲಿ ರಾಜ್ಯಪಾಲರ ಭಾಷಣಕ್ಕೆ ಎರಡೂ ಸದನದವರು ಒಟ್ಟಿಗೆ ಕೂರುವುದು ಬೇರೆ ಸಂಗತಿ.

ಹಾಗಾದರೆ ನಾಲ್ಕು ತಿಂಗಳ ಅಡ್ಡಿಗೆ ಬೆಲೆ ಎಷ್ಟು? ಎರಡು ಸರ್ಕಾರಗಳ ಕಾಲದ ಉದಾಹರಣೆ ಕೊಡುತ್ತೇನೆ. ಬಿಜೆಪಿ ಸರ್ಕಾರ ಇದ್ದಾಗ ಮತಾಂತರ ನಿಯಂತ್ರಣ ಮಸೂದೆ 2021ರ ಡಿಸೆಂಬರ್‌ನಲ್ಲಿ ಸಭೆಯಲ್ಲಿ ಅಂಗೀಕಾರವಾಯಿತು. ಪರಿಷತ್ತಿನಲ್ಲಿ ಸಂಖ್ಯೆ ಸಾಲದೆ ಅಲ್ಲಿ ಮಂಡಿಸಲಿಲ್ಲ. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಸೆಪ್ಟೆಂಬರ್‌ನಲ್ಲಿ ಪರಿಷತ್ತು ಒಪ್ಪಿತು. ಕಾಂಗ್ರೆಸ್ ಸರ್ಕಾರ ಇದ್ದಾಗ 2024ರ ಫೆಬ್ರುವರಿಯಲ್ಲಿ ಮುಜರಾಯಿ ಕಾಯ್ದೆ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಬಿದ್ದುಹೋಯಿತು, ಕೆಲವೇ ದಿನಗಳಲ್ಲಿ ಸಭೆ ಅದನ್ನು ಮತ್ತೆ ಅಂಗೀಕರಿಸಿತು. ಎರಡೂ ಸಲ ಕೊನೆಗೆ ಮೇಲುಗೈ ಕೆಳಮನೆಯದೇ ಆಯಿತು. ಆದರೆ ಎರಡೂ ಸಲ ಆ ನಡುವಿನ ಕಾಲದಲ್ಲಿ ಮಸೂದೆಯ ಒಂದೊಂದು ಕಲಮಿನ ಮೇಲೂ ಊರೂರಲ್ಲಿ ಚರ್ಚೆಯಾಯಿತು. ಒಂದೇ ಮಧ್ಯಾಹ್ನದಲ್ಲಿ ಧ್ವನಿಮತದಿಂದ ಮುಗಿದುಹೋಗುವುದಕ್ಕಿಂತ ಇದು ಎಷ್ಟೋ ಮೇಲು ಎನ್ನುತ್ತೇನೆ. ಯಾವ ಪಕ್ಷದ ಮಸೂದೆಯಾದರೂ ಸರಿ.

ಜಯನಗರ ನಿವಾಸಿ

ವಕೀಲರೇ, ನೀವು ಕೊಟ್ಟ ಎರಡೂ ಉದಾಹರಣೆಗಳಲ್ಲಿ ಮಸೂದೆಯನ್ನು ತಡೆದದ್ದು ವಿರೋಧ ಪಕ್ಷದ ಸಂಖ್ಯೆ. ಯಾವ ಸದಸ್ಯನಾದರೂ ತನ್ನ ಪಕ್ಷದ ವಿರುದ್ಧ ಯೋಚಿಸಿ ಮತ ಹಾಕಿದನೇ? ಚಿಂತಕರ ಚಾವಡಿ ಎಂದು ಪತ್ರಿಕೆಗಳು ಬರೆಯುತ್ತವೆ. 2020ರ ಡಿಸೆಂಬರ್ 15ರಂದು ಆ ಚಾವಡಿಯಲ್ಲಿ ಉಪಸಭಾಪತಿಯವರನ್ನು ಪೀಠದಿಂದ ಎಳೆದದ್ದನ್ನು ಇಡೀ ನಾಡು ದೂರದರ್ಶನದಲ್ಲಿ ನೋಡಿತು.

ಮಂಗಳೂರು ವಕೀಲ

ಆ ದಿನವನ್ನು ಸಮರ್ಥಿಸಲು ನನ್ನಲ್ಲಿ ಒಂದು ಮಾತೂ ಇಲ್ಲ. ಹೀಗೇ ಮತ ಹಾಕಬೇಕು ಎಂಬ ಪಕ್ಷದ ಸಚೇತಕಾಜ್ಞೆಯ (ವಿಪ್) ಬಗ್ಗೆಯೂ ನಿಮ್ಮ ಮಾತು ನಿಜ, ಪಕ್ಷಾಂತರ ನಿಷೇಧ ಕಾಯ್ದೆ ಮೇಲ್ಮನೆಗೂ ಅಷ್ಟೇ ಬಿಗಿಯಾಗಿ ಅನ್ವಯಿಸುತ್ತದೆ. ಆದರೆ ಎರಡು ಸದನಗಳ ಬಲಾಬಲ ಒಂದೇ ದಿನ ಬದಲಾಗುವುದಿಲ್ಲ ಎಂಬುದನ್ನು ಗಮನಿಸಿ. ಸರ್ಕಾರ ಬದಲಾದರೂ ಪರಿಷತ್ತಿನಲ್ಲಿ ಹಿಂದಿನ ಚುನಾವಣೆಗಳ ನೆರಳು ಎರಡು ಮೂರು ವರ್ಷ ಉಳಿದಿರುತ್ತದೆ. ಆ ಅಂತರವೇ ಅದರ ಶಕ್ತಿ.

ಸಿಡ್ನಿ ಕನ್ನಡಿಗ

ಹಾಸನದವನು, ಈಗ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿದ್ದೇನೆ, ಇಲ್ಲಿನ ಮತದಾರನೂ ಹೌದು. ಉಳಿಸಬೇಕೇ ಅಳಿಸಬೇಕೇ ಎಂಬ ಎರಡೇ ದಾರಿ ಇರುವಂತೆ ಚರ್ಚೆ ಸಾಗುತ್ತಿರುವುದರಿಂದ ಮೂರನೆಯದೊಂದನ್ನು ಮುಂದಿಡುತ್ತೇನೆ.

ಇಲ್ಲಿಯೂ ರಾಜ್ಯಕ್ಕೆ ಎರಡು ಸದನ. ಕೆಳಮನೆಯಲ್ಲಿ 93 ಜನ, ಒಂದೊಂದು ಕ್ಷೇತ್ರದಿಂದ ಒಬ್ಬೊಬ್ಬರು. ಮೇಲ್ಮನೆಯಲ್ಲಿ 42. ಒಂದು ಕಾಲದಲ್ಲಿ ಈ ಮೇಲ್ಮನೆಗೂ ಜನರ ನೇರ ಮತವಿರಲಿಲ್ಲ, ಎರಡೂ ಸದನದ ಸದಸ್ಯರೇ ಕೂಡಿ ಆರಿಸುತ್ತಿದ್ದರು. 1961ರಲ್ಲಿ ಅದನ್ನು ರದ್ದು ಮಾಡೋಣವೇ ಎಂದು ಜನಮತಗಣನೆ ನಡೆಯಿತು, ಜನ ರದ್ದತಿ ಬೇಡ ಎಂದರು. 1978ರಲ್ಲಿ ಇನ್ನೊಂದು ಜನಮತಗಣನೆಯಲ್ಲಿ ನೇರ ಚುನಾವಣೆಗೆ ಒಪ್ಪಿದರು. ಈಗ ನಾಲ್ಕು ವರ್ಷಕ್ಕೊಮ್ಮೆ 21 ಜನ ಆಯ್ಕೆಯಾಗುತ್ತಾರೆ, ಅವಧಿ ಎಂಟು ವರ್ಷ. ಇಡೀ ರಾಜ್ಯವೇ ಒಂದು ಕ್ಷೇತ್ರ. ಪ್ರಾಶಸ್ತ್ಯದ ಮತ ನಿಮ್ಮಲ್ಲಿರುವಂಥದ್ದೇ, ಆದರೆ ಹಾಕುವವರು ಎಲ್ಲರೂ. 22ರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಂದರೆ ಸುಮಾರು ಶೇಕಡಾ 4.55 ಮತ ಸಿಕ್ಕರೆ ಒಂದು ಸ್ಥಾನ. ಹಾಗಾಗಿ ಒಂದು ಕ್ಷೇತ್ರದಲ್ಲೂ ಗೆಲ್ಲಲಾಗದ ಸಣ್ಣ ಪಕ್ಷಗಳು ಮೇಲ್ಮನೆಯಲ್ಲಿ ಕಾಣಿಸಿಕೊಳ್ಳುತ್ತವೆ. ಆಳುವ ಪಕ್ಷಕ್ಕೆ ಅಲ್ಲಿ ಬಹುಮತ ಸಿಗುವುದು ಅಪರೂಪ. ಪ್ರತಿ ಮಸೂದೆಗೂ ಇನ್ನೊಬ್ಬರ ಮನವೊಲಿಸಬೇಕು.

ಪಕ್ಕದ ಕ್ವೀನ್ಸ್‌ಲ್ಯಾಂಡ್ 1922ರಲ್ಲಿಯೇ ಮೇಲ್ಮನೆಯನ್ನು ರದ್ದು ಮಾಡಿತು, ಆ ಮಾತೂ ಹೇಳಿಬಿಡಬೇಕು.

ಪಂಚಾಯಿತಿ ಸದಸ್ಯೆ (ತುಮಕೂರು ಜಿಲ್ಲೆ)

ಅಣ್ಣಾ, ಕೇಳಲು ಚೆನ್ನಾಗಿದೆ. ಆದರೆ ಇಡೀ ರಾಜ್ಯ ಒಂದು ಕ್ಷೇತ್ರವಾದರೆ ನಮ್ಮಂಥ ಹಳ್ಳಿಯವರ ಮನೆಗೆ ಯಾರು ಬರುತ್ತಾರೆ? ಬೆಂಗಳೂರಿನಲ್ಲಿ ಕೂತು ಟಿವಿಯಲ್ಲಿ ಮಾತಾಡಿದವರು ಗೆಲ್ಲುತ್ತಾರೆ. ಪಂಚಾಯಿತಿಯ 25 ಸ್ಥಾನ ಹಾಗೆಯೇ ಇರಲಿ, ಮತ ಹಾಕುವ ಕ್ರಮದಲ್ಲಿ ಬಿಗಿ ತನ್ನಿ. ಪದವೀಧರರ ಏಳು ಸ್ಥಾನಗಳನ್ನು ಬೇಕಾದರೆ ಎಲ್ಲರಿಗೂ ತೆರೆಯಿರಿ.

ಲೆಕ್ಕದ ಪುಸ್ತಕ (ಮೈಸೂರು)

ನನಗೂ ಅಕ್ಕನವರ ಮಾತೇ ಸರಿ ಎನಿಸುತ್ತದೆ. ಈಗಿರುವ ಏಳು ಪದವೀಧರ ಕ್ಷೇತ್ರಗಳು ಒಂದೊಂದೂ ಹಲವು ಜಿಲ್ಲೆಗಳನ್ನು ಸೇರಿಸಿಕೊಂಡಿವೆ. ಅದೇ ಗಡಿಯೊಳಗೆ ಎಲ್ಲ ವಯಸ್ಕರಿಗೂ ಪ್ರಾಶಸ್ತ್ಯದ ಮತ ಕೊಟ್ಟರೆ ಹೇಗಿರುತ್ತದೆ? ಒಂದೇ ಸ್ಥಾನ ಇದ್ದಾಗ ಗೆಲ್ಲಲು ಸಿಂಧು ಮತಗಳಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಬೇಕು. ಮೊದಲ ಸುತ್ತಿನಲ್ಲಿ ಯಾರಿಗೂ ಸಿಗದಿದ್ದರೆ ಕೊನೆಯವನನ್ನು ತೆಗೆದು ಅವನ ಮತಪತ್ರಗಳ ಎರಡನೇ ಪ್ರಾಶಸ್ತ್ಯವನ್ನು ಉಳಿದವರಿಗೆ ಹಂಚುತ್ತಾ ಹೋಗುತ್ತಾರೆ. ಶೇಕಡಾ ಮೂವತ್ತು ಮತ ಪಡೆದು ಶಾಸಕನಾಗುವ ಕೆಳಮನೆಯ ಕ್ರಮಕ್ಕಿಂತ ಇದರಲ್ಲಿ ನ್ಯಾಯ ಹೆಚ್ಚು. ಇಷ್ಟು ಒಳ್ಳೆಯ ವಿಧಾನವನ್ನು ಪದವಿ ಇದ್ದವರಿಗೆ ಮಾತ್ರ ಮೀಸಲಿಟ್ಟಿದ್ದೇವೆ ಎಂಬುದೇ ನನ್ನ ಬೇಸರ. ಅವರಲ್ಲಿಯೂ ಅನೇಕರು ಅಂಕಿಯ ಬದಲು ಸರಿ ಗುರುತು ಹಾಕಿ ಮತವನ್ನು ಅಸಿಂಧು ಮಾಡಿಕೊಳ್ಳುತ್ತಾರೆ.

ಜಯನಗರ ನಿವಾಸಿ

ಎಲ್ಲ ವಯಸ್ಕರಿಗೂ ಮತ ಎಂಬುದಾದರೆ ಏಳು ಸ್ಥಾನದ ಮಟ್ಟಿಗೆ ನನ್ನ ವಿರೋಧವಿಲ್ಲ. ಶಾಸಕರು ಆರಿಸುವ 25 ಮತ್ತು ನಾಮನಿರ್ದೇಶನದ 11 ಇರುವವರೆಗೆ ಉಳಿದ ವಿಷಯದಲ್ಲಿ ನನ್ನ ನಿಲುವು ಬದಲಾಗುವುದಿಲ್ಲ. ಅರ್ಧದಷ್ಟು ಮನೆ ಪಕ್ಷದ ಕಚೇರಿಯಲ್ಲಿ ತುಂಬುತ್ತದೆ.

ಬೀದರ್ ಕಡೆಯ ಶಿಕ್ಷಕ

ಕಾನೂನು ಬದಲಾಗುವವರೆಗೆ ಇರುವ ಹಕ್ಕನ್ನಾದರೂ ಬಿಡಬಾರದು. ನಮ್ಮ ಶಾಲೆಯ ಇಬ್ಬರು ಕಿರಿಯ ಸಹೋದ್ಯೋಗಿಗಳು ಕೇಳುತ್ತಿದ್ದಾರೆ: ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದ್ದರೆ ಪದವೀಧರರ ಪಟ್ಟಿಯಲ್ಲೂ ತಾನಾಗಿಯೇ ಸೇರುತ್ತದೆಯೇ? ಒಮ್ಮೆ ಸೇರಿದ್ದರೆ ಮುಂದಿನ ಸಲಕ್ಕೂ ಸಾಕೇ?

ಹಾವೇರಿ ಉಪನ್ಯಾಸಕ

ಎರಡೂ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದೇ. ಪದವೀಧರರ ಮತ್ತು ಶಿಕ್ಷಕರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸುತ್ತಾರೆ, ಹಳೆಯ ಪಟ್ಟಿ ಮುಂದುವರಿಯುವುದಿಲ್ಲ. ಪದವೀಧರರಿಗೆ ನಮೂನೆ 18, ಶಿಕ್ಷಕರಿಗೆ ನಮೂನೆ 19. ಅರ್ಹತಾ ದಿನಾಂಕ ನವೆಂಬರ್ 1. ಆ ದಿನಕ್ಕೆ ಪದವಿ ಪಡೆದು ಕನಿಷ್ಠ ಮೂರು ವರ್ಷ ಆಗಿರಬೇಕು, ಆ ಕ್ಷೇತ್ರದ ನಿವಾಸಿಯಾಗಿರಬೇಕು. ಪದವಿ ಪ್ರಮಾಣಪತ್ರ ಅಥವಾ ಅಂಕಪಟ್ಟಿಯ ದೃಢೀಕೃತ ಪ್ರತಿ ಜೊತೆಗಿರಲಿ.

ಸರದಿಯನ್ನೂ ನೆನಪಿಟ್ಟುಕೊಳ್ಳಿ. ಪಶ್ಚಿಮ ಪದವೀಧರ, ಆಗ್ನೇಯ ಪದವೀಧರ, ಈಶಾನ್ಯ ಶಿಕ್ಷಕರ, ಬೆಂಗಳೂರು ಶಿಕ್ಷಕರ ಕ್ಷೇತ್ರಗಳಿಗೆ 2020ರಲ್ಲಿ ಮತದಾನವಾದದ್ದರಿಂದ ಅವುಗಳ ಸರದಿ 2026. ವಾಯವ್ಯ ಮತ್ತು ದಕ್ಷಿಣ ಪದವೀಧರ, ವಾಯವ್ಯ ಮತ್ತು ಪಶ್ಚಿಮ ಶಿಕ್ಷಕರ ಕ್ಷೇತ್ರಗಳದು 2028. ನಿಮ್ಮ ಈಶಾನ್ಯ ಪದವೀಧರ ಕ್ಷೇತ್ರ ಮತ್ತು ತುಂಗಾತೀರ ಅವರ ನೈರುತ್ಯ ಕ್ಷೇತ್ರ 2030ಕ್ಕೆ. ನಿಮ್ಮ ಸಹೋದ್ಯೋಗಿಗಳ ಅರ್ಜಿ 2029ರ ನವೆಂಬರ್ ಆಸುಪಾಸಿನಲ್ಲಿ ತಹಶೀಲ್ದಾರರ ಕಚೇರಿಗೆ ತಲುಪಬೇಕು. ಪ್ರಕಟಣೆ ಬರುವವರೆಗೆ ಕಾಯದೆ ಪ್ರಮಾಣಪತ್ರಗಳನ್ನು ಮೊದಲೇ ಹೊಂದಿಸಿಟ್ಟುಕೊಳ್ಳಲು ಹೇಳಿ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಅಂಕಿ ಬರೆಯಬೇಕು. 1 ಎಂಬ ಅಂಕಿ ಕಡ್ಡಾಯ, ಉಳಿದದ್ದು ಅವರ ಇಷ್ಟ.